ತಾಯಮ್ಮಕ್ಕನ ಹುರುಳಿ, ನನ್ನ ಟಾರ್ ರೋಡು

ಟಾರ್ ರೋಡು ಅನ್ನೋದು ಎಂಥಾ ಅದ್ಭುತ ಅಂತ ನಿಮಗೆ ಗೊತ್ತಿಲ್ಲ. ನನಗೂ ಗೊತ್ತಿರ್ಲಿಲ್ಲ. ಮೊಬೈಲಲ್ಲಿ ಹನ್ನೊಂದು ವಿಡಿಯೋ ನೋಡಿದ ಮೇಲೆ ಗೊತ್ತಾಯ್ತು! ಲಾರಿ ಭಾರ ಹೊರೋದು ಕೆಳಗಿರೋ ಜಲ್ಲಿಯಂತೆ. ಮೇಲಿನ ಟಾರು ಅದಕ್ಕೆ ಕೊಡೆ ಇದ್ದಂಗೆ. ಕೊಡೆ ತೂತಾದ್ರೆ ನೀರು ಇಳಿಯುತ್ತೆ, ಜಲ್ಲಿ ಸಡಿಲ ಆಗುತ್ತೆ, ಗುಂಡಿ ಹುಟ್ಟುತ್ತೆ. ಕೂದಲೆಳೆ ಬಿರುಕು ಇದ್ದಾಗಲೇ ಮುಚ್ಚಿಬಿಟ್ರೆ ಅದೇ ರೋಡು ಎಷ್ಟೋ ವರ್ಷ ಬಾಳುತ್ತೆ!

ಆವತ್ತಿಂದ ನಾನು ತಲೆ ಬಗ್ಗಿಸಿ ನಡೆಯೋಕೆ ಶುರು ಮಾಡ್ದೆ. ಮಗ ಮರ್ಯಾದೆ ಕಲಿತ ಅಂತ ಅವ್ವ ಖುಷಿಪಟ್ಲು. ನಾನು ಬಿರುಕು ನೋಡ್ತಿದ್ದೆ.

ಹಂಗಳದ ಹತ್ರ ಹೈವೇ ಬಿಟ್ಟು ಒಳಗೆ ಬಂದ್ರೆ ನಮ್ಮೂರು. ಬೆಳಗ್ಗೆ ಒಂದೇ ಬಸ್ಸು. ಹಾಲಿನ ಡೈರಿ ಮುಂದೆ ತಿರುಗಿಸ್ಕೊಂಡು ಗುಂಡ್ಲುಪೇಟೆಗೆ ಹೋಗುತ್ತೆ. ಅವ್ವ ಮತ್ತೆ ಏಳೆಂಟು ಹೆಂಗಸರು ಬೀನ್ಸು, ಟೊಮೇಟೊ ಬುಟ್ಟಿ ಹೇರ್ಕೊಂಡು ಮಾರ್ಕೆಟ್ಟಿಗೆ ಹೋಗೋದು ಅದರಲ್ಲೇ. ಒಂದಿನ ಡ್ರೈವರಣ್ಣ ಡೈರಿ ಮುಂದಿನ ಬಿರುಕುಗಳನ್ನ ತೋರಿಸಿ, "ಮಳೇಲಿ ಇದು ಕಿತ್ಕಂಡ್ರೆ ನಾನು ಒಳಕ್ಕೆ ಬರಲ್ಲ ಕಣ್ರವ್ವ. ಹೈವೇಲೇ ಹತ್ಕಳಿ" ಅಂದ. ಹೈವೇಗೆ ಎರಡು ಮೈಲಿ. ತಲೆ ಮೇಲೆ ಬುಟ್ಟಿ!

"ನಾನಿಲ್ವಾ ಅವ್ವ?" ಅಂದೆ.

"ಇದ್ದೀಯಲ್ಲ ಮಗ, ಅದೇ ಭಯ" ಅಂದ್ಲು.

ರೋಡು ಹಾಕ್ದೋರು ಬಿಟ್ಟುಹೋಗಿದ್ದ ಅರ್ಧ ಡ್ರಮ್ಮು ಟಾರು ಡೈರಿ ಹಿಂದೆ ಬಿದ್ದಿತ್ತು. ಪಂಚಾಯ್ತಿ ಮೆಂಬರನ್ನ ಕೇಳ್ದೆ. "ತಕ್ಕೊಂಡ್ ಓಗ್ಲಾ, ದನ ಕರ ಬಂದು ಮೈಗೆ ಮೆತ್ಕತವೆ" ಅಂದ್ರು. ಅಧಿಕೃತ ಅನುಮತಿ ಸಿಕ್ತು! ಕಾಯಿಸೋಕೆ ಪಾತ್ರೆ ಬೇಕಲ್ಲ? ಮನೇಲಿ ಸ್ನಾನದ ಹಂಡೆ ಇತ್ತು. ಈಗ ಇಲ್ಲ.

ಭಾನುವಾರ ಬಸ್ಸಿರಲ್ಲ. ಅವತ್ತೇ ಮುಹೂರ್ತ. ಬಿರುಕನ್ನ ಕ್ಲೀನ್ ಮಾಡಿ ಅಂತ ವಿಡಿಯೋದಲ್ಲಿ ಹೇಳಿದ್ರು. ನಾನು ಗುಡಿಸಿ, ನಾಲ್ಕು ಕೊಡ ನೀರು ಹಾಕಿ ತೊಳೆದೆ. ನೀರು ಹೋಗಬಾರದು ಅಂತ ಮುಚ್ಚೋಕೆ ಹೊರಟ ಬಿರುಕಿಗೆ ನಾನೇ ನಾಲ್ಕು ಕೊಡ ಕುಡಿಸ್ದೆ! ಬಿಸಿ ಟಾರು ಬಿದ್ದಿದ್ದೇ ತಡ, ಚಟಪಟ ಸಿಡಿದು ನನ್ನ ಒಂದು ಹುಬ್ಬು ಹೋಯ್ತು. ಸ್ವಲ್ಪ ಒಣಗಲಿ ಅಂತ ಕಾದು ಮತ್ತೆ ಸುರಿದೆ. ಮುದ್ದೆಗೆ ಸಾರು ಬಿಟ್ಟಂಗೆ, ಧಾರಾಳವಾಗಿ. ಗಾಡಿಗಳು ಹತ್ತದಿರ್ಲಿ ಅಂತ ಸುತ್ತ ಸಾಲಾಗಿ ಕಲ್ಲಿಟ್ಟೆ. ಕರೀ ಗೆರೆಗಳು ಹೊಳೀತಿದ್ವು. ನೋಡಿ ಮೈ ಜುಮ್ ಅಂತು! ಮನೆಗೆ ಹೋಗಿ ಉಂಡು ಮಲಗ್ದೆ.

ಮಲಗಬಾರದಿತ್ತು.

ನಮ್ಮ ಕಡೆ ಈಗ ಕಣ ಮಾಡೋರು ಕಮ್ಮಿ. ಹುರುಳಿ ಗಿಡ, ನಮ್ಮೋರ ಬಾಯಲ್ಲಿ ಉಳ್ಳಿ, ಕಿತ್ತು ತಂದು ರೋಡಿಗೇ ಹರಡ್ತಾರೆ. ಗಾಡಿಗಳು ಮೇಲೆ ಓಡಾಡಿ ಕಾಳು ಬಿಡಿಸಿಕೊಡ್ತವೆ. ಜಾಗದ ಗುರುತಿಗೆ ಅಂಚಿಗೆ ಕಲ್ಲಿಡ್ತಾರೆ. ಗುಡಿಸಿ, ತೊಳೆದು, ಕಲ್ಲಿಟ್ಟ ರೋಡು ಕಂಡ್ರೆ ನಮ್ಮೂರಲ್ಲಿ ಅರ್ಥ ಒಂದೇ. ಪಕ್ಕದ್ಮನೆ ತಾಯಮ್ಮಕ್ಕ ಹೊಲಕ್ಕೆ ಹೋಗೋವಾಗ ನಾನು ಗುಡಿಸೋದು ನೋಡಿದ್ಲು. ನನಗೋಸ್ಕರ ಜಾಗ ಮಾಡ್ತಾವ್ನೆ, ಬಂಗಾರದಂಥ ಹುಡುಗ ಅಂದ್ಕೊಂಡ್ಲಂತೆ! ಅಡ್ಡ ಇದ್ದ ಕಲ್ಲು ಸರಿಸಿ ಒಂದು ಗಾಡಿ ಹುರುಳಿ ತಂದು ಹರಡಿದ್ಲು. ಟಾರು ಕಾಣ್ಲಿಲ್ವಾ ಅಂತ ಆಮೇಲೆ ಕೇಳಿದ್ದಕ್ಕೆ, "ಟಾರ್ ರೋಡು ಕರ್ರಗಿರ್ದೆ ಕೆಂಪುಗಿದ್ದದಾ?" ಅಂದ್ಲು.

ನಾನು ಏಳೋ ಹೊತ್ತಿಗೆ ಎರಡು ಟ್ರ್ಯಾಕ್ಟರು, ಹಾಲಿನ ವ್ಯಾನು ಎಲ್ಲಾ ಮೇಲೆ ಓಡಾಡಿ ಮುಗಿಸಿದ್ವು. ತಾಯಮ್ಮಕ್ಕ ಹೊಟ್ಟು ಎತ್ತಿ ನೋಡ್ತಾಳೆ, ಕಾಳು ಮೇಲೆ ಏಳ್ತಿಲ್ಲ.

"ಮಾದೇಸಾ! ಏನ್ಲಾ ಬಳ್ದಿದ್ದೀಯೆ ನೆಲುಕ್ಕೆ? ಕಾಳೆಲ್ಲ ಕಚ್ಕಂಡವೆ!"

"ಅಕ್ಕ, ಅದು ನಿರ್ವಹಣೆ..."

"ನಿನ್ ನಿರ್ವಹಣೆ ಮನೆ ಹಾಳಾಗ! ಉಳ್ಳಿ ಸಾರ್ ಕಾಯ್ಸಕೆ ರೋಡ್ ಕಿತ್ಕಂಡ್ ಓಗ್ಲೇನ್ಲಾ?"

ನಮ್ಮನೆ ಹುರುಳಿ ಎರಡು ಮೊರ ಅವಳ ಮನೆ ಸೇರ್ತು. ಹಂಡೆ ನೋಡಿ ಅವ್ವ ಮಾತು ಬಿಟ್ಲು.

ಸೋಮವಾರ ಬೆಳಗ್ಗೆ ಹೆಂಗಸರು ಬುಟ್ಟಿ ಇಟ್ಕೊಂಡು ನಿಂತಿದ್ರು. ಬಸ್ಸು ಬಂತು, ಹುರುಳಿ ಅಂಚಿಗೆ ಗಕ್ ಅಂತ ನಿಲ್ತು. ಡ್ರೈವರಣ್ಣ ಇಳಿದು ನೋಡ್ದ.

"ಇದೇನ್ ರೋಡೋ ಕಡ್ಲೆ ಮಿಠಾಯ್ನೋ? ಟಯರಿಗೆ ಅಂಟ್ಕಂಡ್ರೆ ಯಾರ್ ಕೆರಿಯೋರು? ನಾ ವಾಪಸ್ ಓಯ್ತೀನಿ. ನಾಳಿಂದ ಹೈವೇಗೇ ಬನ್ನಿ."

ಅವ್ವ ನನ್ನ ಕಡೆ ನೋಡಿದ್ಲು. ಬೈದಿದ್ರೆ ಚೆನ್ನಾಗಿರೋದು. ಬುಟ್ಟಿ ಎತ್ತೋಕೆ ಬಗ್ಗಿದ್ಲು.

ಆಗ ಕೆಳಗಿನ ಬೀದಿ ಸಿದ್ದಮ್ಮಜ್ಜಿ ಬಂದ್ಲು. ವಯಸ್ಸೆಲ್ಲ ಟಾರ್ ಕೆಲಸದಲ್ಲೇ ಕಳೆದೋಳು. ಚಪ್ಪಲಿ ಬಿಟ್ಲು. ಹೆಬ್ಬೆರಳಿಂದ ಟಾರನ್ನ ಒತ್ತಿದ್ಲು, ಅಷ್ಟೇ.

"ಒದ್ದೆ ಮೇಲೆ ಹುಯ್ದಿದ್ದೀಯೆ. ದಪ್ಪ ಹುಯ್ದಿದ್ದೀಯೆ. ಮೇಲೆ ಕಲ್ಪುಡಿ ಎರಚಿಲ್ಲ. ಅಲ್ವೇನ್ಲಾ?"

ಹೆಬ್ಬೆರಳಲ್ಲಿ ಇಷ್ಟೆಲ್ಲ ಓದಬಹುದಾ!

"ಉಳ್ಳಿ ಬಿದ್ದು ಉಳ್ಕತು ನಿನ್ ಮಾನ. ಅದೂ ಇಲ್ದಿದ್ರೆ ವ್ಯಾನೋನು ನಿನ್ ಟಾರೆಲ್ಲ ಟಯರಿಗೆ ಸುತ್ಕಂಡ್ ಓಗಿರನು. ಬಾಂಡ್ಲಿ ತತ್ತಾ."

ಮನೆ ಕಟ್ಟೋರ ಹತ್ರ ಓಡಿಹೋಗಿ ಬಾಂಡ್ಲಿ ತುಂಬ ಕಲ್ಪುಡಿ ತಂದೆ. ಅಜ್ಜಿ ಬಾಂಡ್ಲಿ ಸೊಂಟಕ್ಕಿಟ್ಕೊಂಡು ಕೈ ಬೀಸಿದ್ಲು. ಪುಡಿ ರಂಗೋಲಿ ಹಿಟ್ಟಿನಂಗೆ ಒಂದೇ ಸಮನೆ ಇಳೀತು. ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಮ್ಮಿಯಿಲ್ಲ. ಹನ್ನೊಂದು ವಿಡಿಯೋದಲ್ಲಿ ಒಂದರಲ್ಲೂ ಆ ಕೈ ಇರ್ಲಿಲ್ಲ.

"ಬುಡಪ್ಪ ಬಸ್ಸ" ಅಂದ್ಲು.

ಬಸ್ಸು ಮೆಲ್ಲಗೆ ಹತ್ತಿತು. ಚಕ್ರ ದಾಟ್ತು, ಒಂದು ಕಾಳು ಮೇಲೇಳ್ಲಿಲ್ಲ! ಹೆಂಗಸರು ಬುಟ್ಟಿ ಹತ್ತಿಸಿದ್ರು. ಅವ್ವ ಕಿಟಕೀಲಿ ನಕ್ಕಂಗಾಯ್ತು.

ಅದೇ ವಾರ ಜೋರು ಮಳೆ. ನಾನು ನೆನೀತಾ ರೋಡಲ್ಲಿ ಬೋರಲು ಮಲಗಿ ನೋಡ್ದೆ. ನೀರು ಬಿರುಕಿನ ಮೇಲೆ ಬಂದು, ಒಳಗೆ ಒಂದು ಹನಿ ಇಳಿಯದೆ, ಜಾರಿ ಚರಂಡಿಗೆ ಹೋಗ್ತಿತ್ತು. ಏನ್ ಅದ್ಭುತ ಸ್ವಾಮಿ! ಕಣ್ಣಲ್ಲಿ ನೀರು ಬಂತು.

ಅದಾಗಿ ಐದು ದಿನಕ್ಕೆ ಟಾರಿಗೆ ಅಂಟ್ಕೊಂಡಿದ್ದ ಹುರುಳಿ ಮೊಳೀತು. ಬಿರುಕು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಹಸಿರು ಗೆರೆ! ಊರಿನ ಆಡುಗಳಿಗೆ ಸುದ್ದಿ ಮುಟ್ತು. ಬಸ್ಸು ಬರೋ ಹೊತ್ತಿಗೆ ಸರಿಯಾಗಿ ಹಿಂಡು ಬಂದು ಅಡ್ಡ ನಿಲ್ತು. ಡ್ರೈವರಣ್ಣ ಹಾರ್ನ್ ಹೊಡೆದು ಕೂಗ್ದ: "ಯಾರ್ರೀ ಅದು, ಇಂಜಿನಿಯರ್ ಕರೀರಿ! ರೋಡ್ ಮೇಯ್ತಾವೆ!"

ಈಗ ದಿನಾ ಬೆಳಗ್ಗೆ ಬಸ್ಸಿಗಿಂತ ಮುಂಚೆ ಕೋಲು ಹಿಡಿದು ಡೈರಿ ಮುಂದೆ ನಿಲ್ತೀನಿ. ಮಾರ್ಕೆಟ್ಟಲ್ಲಿ ಮಗ ಏನ್ ಮಾಡ್ತಾನೆ ಅಂತ ಯಾರಾದ್ರೂ ಕೇಳಿದ್ರೆ ಅವ್ವ ಹೇಳ್ತಾಳಂತೆ: "ರೋಡ್ ಕೆಲ್ಸದಲ್ಲವ್ನೆ ಕಣವ್ವ. ಆಡ್ ಓಡುಸ್ತಾನೆ."