ಕಾಮಾಕ್ಷಿಪಾಳ್ಯಕ್ಕೆ ಉಬ್ಬರ ಬರುವ ಹೊತ್ತು

ನಮ್ಮ ಸೋದರಮಾವ ಕಾಮಾಕ್ಷಿಪಾಳ್ಯದ ಏಕೈಕ ನಾವಿಕ. ಈ ಮಾತನ್ನು ಯಾರಾದರೂ ಸುಳ್ಳು ಮಾಡಲಿ, ನೋಡೋಣ! ಕಾಮಾಕ್ಷಿಪಾಳ್ಯಕ್ಕೆ ಸಮುದ್ರ ಯಾವಾಗ ಬಂತು ಎಂದು ಮಾತ್ರ ಕೇಳಬೇಡಿ. ಮಳೆ ಹೊಯ್ದಾಗ ಮಾಗಡಿ ರಸ್ತೆಯಲ್ಲಿ ನಿಲ್ಲುವ ನೀರನ್ನು ಬಿಟ್ಟರೆ ಅಲ್ಲಿ ದೋಣಿ ಬಿಡುವಂಥದ್ದೇನೂ ಇಲ್ಲ. ಮಾವನ ದೋಣಿ ಇರುವುದು ಒಂದು ರಾತ್ರಿಯ ಬಸ್ ಪ್ರಯಾಣದಾಚೆ, ಕುಮಟಾ ಹತ್ತಿರದ ಒಂದು ಅಳಿವೆಯಲ್ಲಿ. ನದಿ ಸಮುದ್ರ ಸೇರುವ ಮುನ್ನ ಕವಲು ಕವಲಾಗಿ ಹರಡಿಕೊಂಡು, ಉಪ್ಪೋ ಸಿಹಿಯೋ ತನಗೇ ತಿಳಿಯದೆ ತಬ್ಬಿಬ್ಬಾಗುವ ಜಾಗ ಅದು. ಇನ್ನೊಂದು ಸಣ್ಣ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ: ಮಾವನಿಗೆ ಈಜು ಬರುವುದಿಲ್ಲ.

ಇದು ಶುರುವಾದದ್ದು ಹೇಗೆಂದು ಬರೆಯಹೊರಟರೆ ನನಗೆ ನನ್ನ ಮೇಲೇ ಅನುಮಾನ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಆಧಾರವಿಲ್ಲದೆ ಬಾಯಿ ಬಿಡಬಾರದೆಂದು ಕಲಿತವಳು. ಅದಕ್ಕೇ ಡೈರಿ ಬರೆಯುತ್ತೇನೆ. ಆದರೆ ಡೈರಿಯಲ್ಲಿ ಇರುವುದೂ ನನ್ನ ನೆನಪಿನಲ್ಲಿ ಇರುವುದೂ ಒಂದೇ ಆಗಿದ್ದನ್ನು ಇದುವರೆಗೆ ಕಂಡಿಲ್ಲ. ಎರಡೂ ಒಪ್ಪುವಷ್ಟು ಹೇಳುತ್ತೇನೆ.

ಕಾಮಾಕ್ಷಿಪಾಳ್ಯದಲ್ಲಿ ಮಾವನದು ಕಬ್ಬಿಣ ಕಡೆಯುವ ಲೇತ್ ಶೆಡ್ಡು. ಒಮ್ಮೆ ಕುಮಟಾ ಕಡೆಯ ವಯಸ್ಸಾದ ಮೀನುಗಾರರೊಬ್ಬರು ಮೀನುದೋಣಿಯ ಎಂಜಿನ್ನಿನ ಮುರಿದ ಶಾಫ್ಟನ್ನು ಅಲ್ಲಿಗೆ ತಂದರು. ಮಾವ ಹೊಸದು ಮಾಡಿದರು. ಅದು ಸರಿಯಾಗಿ ಕೂರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ತಾವೇ ಬಸ್ಸು ಹತ್ತಿದರು. ಶಾಫ್ಟು ಕೂತಿತು. ಆದರೆ ದಡದ ತೆಂಗಿನ ಮರದ ಕೆಳಗೆ ಒಂಟಿ ಹಾಯಿಯ ಹಳೆಯ ಮರದ ದೋಣಿಯೊಂದು ಬೋರಲಾಗಿ ಬಿದ್ದಿತ್ತು.

"ಇದನ್ನ ಏನ್ಮಾಡ್ತೀರಾ ಅಜ್ಜ?"

"ಎಂತ ಮಾಡುದು? ಒಲೆಗೆ ಹಾಕುದು."

ಅಷ್ಟೇ! ಎಂಜಿನ್ ಕೂರಿಸಲು ಹೋದವರು ಎಂಜಿನ್ನೇ ಇಲ್ಲದ ದೋಣಿಗೆ ಮನಸೋತರು. ಅಜ್ಜನನ್ನು ಕಾಡಿ ಬೇಡಿ ದೋಣಿಯನ್ನು ಪಡೆದು, ಅವರಿಂದಲೇ ಹಾಯಿ ಎತ್ತುವುದನ್ನು ಕಲಿತು ಬಂದರು. ಮೂರು ದಿನ ಕಲಿತೆ ಎಂದು ಮಾವ ಹೇಳುತ್ತಾರೆ, ಹತ್ತು ದಿನ ಮನೆಗೇ ಬರಲಿಲ್ಲ ಎಂದು ಅತ್ತೆ.

ಅಂದಿನಿಂದ ಹುಣ್ಣಿಮೆ, ಅಮಾವಾಸ್ಯೆಗೆ ಹತ್ತಿರದ ಶುಕ್ರವಾರ ರಾತ್ರಿ ಬಂತೆಂದರೆ ಮಾವ ಚೀಲ ಹೆಗಲಿಗೇರಿಸಿ ಹೊರಟರೆಂದೇ ಅರ್ಥ. ಆ ದಿನಗಳಲ್ಲಿ ಉಬ್ಬರ ಜೋರಾಗಿ, ಸಣ್ಣ ಸಣ್ಣ ಕವಲುಗಳಿಗೂ ನೀರು ಹತ್ತುತ್ತದಂತೆ. ಇದು ಬಸವೇಶ್ವರನಗರದಲ್ಲಿ ಮಾವನ ಮನೆಯ ಅಕ್ಕಪಕ್ಕದವರಿಗೆ ಹೇಗೆ ಗೊತ್ತಾಗಬೇಕು? ಎದುರು ಮನೆಯಾಕೆ ನನ್ನನ್ನು ಗೇಟಿನ ಬಳಿ ನಿಲ್ಲಿಸಿ ಪಿಸುಗುಟ್ಟಿದ್ದರು. "ಅಮಾಸೆಗೆ ಅಮಾಸೆಗೆ ನಿಮ್ಮಾವ ಎಲ್ಲಿಗೋ ಹೋಗಿ ಮೈಕೈಯೆಲ್ಲಾ ಕೆಸರು ಮಾಡ್ಕೊಂಡು ಬರ್ತಾರಲ್ಲಾ... ಮಾಟಗೀಟ ಕಲೀತಿದಾರಾ ಹೆಂಗೆ?" ಇಲ್ಲ ಎಂದು ನಾನು ಖಚಿತವಾಗಿ ಹೇಳಲಿಲ್ಲ. ಖಚಿತವಾಗಿ ನನಗೂ ಗೊತ್ತಿರಲಿಲ್ಲ!

ಶೆಡ್ಡಿನ ಗೋಡೆಯ ಮೇಲೆ ಗಣೇಶ, ಲಕ್ಷ್ಮಿ, ಅವರಿಬ್ಬರ ಪಕ್ಕದಲ್ಲೇ ಆ ಅಳಿವೆಯ ಉಬ್ಬರವಿಳಿತದ ಪಟ್ಟಿ. ಊದುಬತ್ತಿ ಮೂವರಿಗೂ. ಅಳಿವೆಯ ಬಾಯಿಗೆ ಉಬ್ಬರ ಬಂದ ಎಷ್ಟೋ ಹೊತ್ತಿನ ಮೇಲೆ ಒಳಗಿನ ಕವಲಿಗೆ ಬರುತ್ತದೆ ಎಂಬುದನ್ನು ಮಾವ ನನಗೆ ವಿವರಿಸಿದ್ದು ಹೀಗೆ: "ಮೆಜೆಸ್ಟಿಕ್ ಬಿಟ್ಟ ಬಸ್ಸು ತಕ್ಷಣ ಕೆಂಗೇರೀಲಿ ಇರುತ್ತೇನೇ? ಟೈಮ್ ಹಿಡಿಯಲ್ವಾ? ನೀರೂ ಹಂಗೇ ಕಣೇ." ಇಷ್ಟು ಸಲೀಸಾಗಿ ಭೂಗೋಳವನ್ನು ನನಗೆ ಯಾವ ಪ್ರೊಫೆಸರೂ ಹೇಳಿಕೊಟ್ಟಿರಲಿಲ್ಲ.

ಗಿರಾಕಿಯೊಬ್ಬ ಅವಸರ ಮಾಡುತ್ತಾ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. (ಡೈರಿಯಲ್ಲೂ ಇದೆ.)

"ಸಾರ್, ಇವತ್ತೇ ಬೇಕು ಸಾರ್ ಈ ಪೀಸು."

ಮಾವ ಗೋಡೆ ನೋಡಿದರು. "ಈಗ ಇಳಿತ ನಡೀತಿದೆ. ಉಬ್ಬರಕ್ಕೆ ಬನ್ನಿ."

"ಉಬ್ಬರ ಅಂದ್ರೆ... ಕರೆಂಟಾ ಸಾರ್?"

"ಹೂಂ, ಅದೂ ಒಂಥರಾ ಕರೆಂಟೇ. ನಾಲ್ಕೂಕಾಲಿಗೆ ಬರುತ್ತೆ."

ಗಿರಾಕಿ ನಾಲ್ಕೂಕಾಲಿಗೆ ಸರಿಯಾಗಿ ಬಂದ. ಪೀಸು ತಯಾರಾಗಿತ್ತು. ಇಂಥವರನ್ನು ಹುಚ್ಚರೆಂದು ತಳ್ಳಿಹಾಕುವುದಾದರೂ ಹೇಗೆ?

ಹಾಗಂತ ಹುಚ್ಚು ಇರಲಿಲ್ಲವೇ? ಇತ್ತು! ಒಂದು ಆಷಾಢದಲ್ಲಿ ಗಾಳಿ ಚೆನ್ನಾಗಿದೆಯೆಂದು ಹಾಯಿಯನ್ನು ತಾರಸಿಯ ಮೇಲೆ ಎತ್ತಿ ಅಭ್ಯಾಸ ಮಾಡಹೊರಟರು. ಹಗ್ಗದ ಒಂದು ತುದಿ ಕೈಯಲ್ಲಿ, ಇನ್ನೊಂದು ತುದಿ ನೀರಿನ ಟ್ಯಾಂಕಿನ ಪೈಪಿಗೆ. ಗಾಳಿ ಒಮ್ಮೆ ಉಬ್ಬಿತು ನೋಡಿ, ಪೈಪು ಕಿತ್ತು ಮೆಟ್ಟಿಲ ಮೇಲೆ ಜಲಪಾತ! ಕೆಳಗಿನ ಮನೆಯ ಚಪ್ಪಲಿಗಳೆಲ್ಲ ತೇಲಿಕೊಂಡು ಬೀದಿಗೆ ಹೊರಟವು. ಬಸವೇಶ್ವರನಗರಕ್ಕೆ ಬಂದ ಮೊಟ್ಟಮೊದಲ ಉಬ್ಬರ ಅದು. ಪೈಪು ಸ್ವಲ್ಪ ಸಡಿಲವಾಯಿತಷ್ಟೆ ಎನ್ನುತ್ತಾರೆ ಮಾವ. ಮುರಿದೇ ಹೋಯಿತು ಎನ್ನುತ್ತಾರೆ ಅತ್ತೆ. ಟ್ಯಾಂಕೇ ಒಂದಡಿ ಸರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡೈರಿ ತೆಗೆದು ನೋಡಿದರೆ, ಆ ದಿನ ನಾನು ಅಲ್ಲಿರಲೇ ಇಲ್ಲ!

ಅತ್ತೆಯ ವಿಷಯ ಹೇಳದೆ ಮುಂದೆ ಹೋಗಲಾಗದು. ಮೂವತ್ತು ವರ್ಷ ಗಾರ್ಮೆಂಟ್ಸಿನಲ್ಲಿ ದುಡಿದು, ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಅಜ್ಜನ ಹಳೆಯ ಹಾಯಿ ಚಿಂದಿಯಾದಾಗ, ದಪ್ಪ ಹತ್ತಿ ಬಟ್ಟೆ ತರಿಸಿ ಹೊಸ ಹಾಯಿ ಹೊಲಿದುಕೊಟ್ಟದ್ದು ಅವರೇ. "ಹೊಲಿಗೆ ನಂದು, ಹುಚ್ಚು ಅವರದು" ಎನ್ನುತ್ತಿದ್ದರು. ಅತ್ತೆ ಆ ದೋಣಿಯನ್ನು ಒಮ್ಮೆಯೂ ನೋಡಿರಲಿಲ್ಲ. ನೋಡುವುದೂ ಇಲ್ಲವೆಂದು ಪಣ ತೊಟ್ಟಿದ್ದರು.

ಹೋದ ಮಳೆಗಾಲದ ಕೊನೆಯಲ್ಲಿ ದೋಣಿ ವಾಲಿ ಮಾವ ನೀರಿಗೆ ಬಿದ್ದರು. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡದ ಬೇರನ್ನು ತಬ್ಬಿಕೊಂಡು ಕೂತಿದ್ದು, ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಅವರಿಗೀಗ ಅರವತ್ತೆಂಟು. ಅತ್ತೆ ನಾಗರಬಾವಿಯ ನನ್ನ ಬಾಡಿಗೆ ಮನೆಗೆ ಬಂದು, ಕಾಫಿ ಮುಟ್ಟದೆ ಕೂತರು.

"ಅಲ್ಯಾರೋ ರೆಸಾರ್ಟಿನವನು ದೋಣಿ ಕೇಳ್ತಿದಾನಂತೆ. ಭಾನುವಾರದೊಳಗೆ ಹೇಳ್ಬೇಕಂತೆ. ನೀನೂ ಜೊತೇಲಿ ಹೋಗು. ಹೂಂ ಅನ್ನಿಸ್ಕೊಂಡೇ ಬಾ. ನಿನ್ನ ಮಾತು ಕೇಳ್ತಾರೆ."

"ರೆಸಾರ್ಟಿನವನಿಗೆ ಯಾಕತ್ತೆ ಆ ದೋಣಿ?"

"ಗೇಟಲ್ಲಿಟ್ಟು, ಮಣ್ಣು ತುಂಬ್ಸಿ, ಹೂವಿನ ಗಿಡ ಹಾಕ್ತಾನಂತೆ." ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ಹಾಕ್ಲಿ ಬಿಡು. ಮನುಷ್ಯ ಉಳೀತಾರೆ."

ಹೀಗೆ ಆ ಶನಿವಾರ ನಾನು ಗೂಢಚಾರಿಣಿಯಾಗಿ ದೋಣಿ ಹತ್ತಿದೆ.

ಮುಂದಿನದನ್ನು ಅಂದೇ ಡೈರಿಯಲ್ಲಿ ಬರೆದೆ. ಆದರೂ ನಂಬಿಕೆ ಬರುತ್ತಿಲ್ಲ. ಲೇತಿನ ಸದ್ದಿನಲ್ಲಿ ಮಾವನ ಕಿವಿ ಅರ್ಧ ಹೋಗಿದೆ. ಮನೆಯಲ್ಲಿ ಎರಡು ಸಲ ಕೂಗದೆ ಅವರಿಗೆ ಊಟಕ್ಕೆ ಕರೆದದ್ದು ಕೇಳುವುದಿಲ್ಲ. ದೋಣಿಯಲ್ಲಿ ಕೂತು, ಹಾಯಿಯ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ "ಈಗ ಬರುತ್ತೆ ನೋಡು" ಎಂದರು. ಎಲೆಯೂ ಅಲುಗುತ್ತಿರಲಿಲ್ಲ. ನಾನು ಹತ್ತು ಎಣಿಸುವಷ್ಟರಲ್ಲಿ ಗಾಳಿ ಬಂತು. ಹಾಯಿ ಒಮ್ಮೆ ಉಸಿರೆಳೆದುಕೊಂಡು ತುಂಬಿತು. ದೋಣಿ ಸದ್ದಿಲ್ಲದೆ ಹೊರಟಿತು. ಸದ್ದಿಲ್ಲದೆ ಎಂದರೆ ಎಷ್ಟು ಸದ್ದಿಲ್ಲದೆ? ದಂಡೆಯಲ್ಲಿ ಒಂಟಿಕಾಲಲ್ಲಿ ನಿಂತ ಬೆಳ್ಳಕ್ಕಿ ಕಾಲು ಬದಲಿಸಲಿಲ್ಲ, ಅಷ್ಟು! ಕವಲಿನೊಳಗೊಂದು ಕವಲು, ಅದರೊಳಗಿನ್ನೊಂದು. ತಲೆಯ ಮೇಲೆ ಕಾಂಡ್ಲಾದ ಹಸಿರು, ಕೆಳಗೆ ಅದರದೇ ನೆರಳು. ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಕಣ್ಣುಕಟ್ಟಿ ಬಿಟ್ಟರೂ ಶೆಡ್ಡು ಮುಟ್ಟುವ ಮನುಷ್ಯ, ಇಲ್ಲೂ ಪ್ರತಿ ತಿರುವಿಗೆ ಮುಂಚೆ ಹಗ್ಗವನ್ನು ಒಂದು ಬೆರಳಗಲ ಬಿಡುತ್ತಿದ್ದರು, ಒಂದು ಬೆರಳಗಲ ಎಳೆಯುತ್ತಿದ್ದರು. ಕಬ್ಬಿಣವನ್ನು ಕೂದಲೆಳೆಯಷ್ಟು ಕೆತ್ತುವ ಬೆರಳುಗಳು ಗಾಳಿಯನ್ನೂ ಹಾಗೆಯೇ ಕೆತ್ತುತ್ತಿದ್ದವು. ನಾನು ಇವರನ್ನು ನಲವತ್ತು ವರ್ಷದಿಂದ ಬಲ್ಲೆ ಎಂದುಕೊಂಡಿದ್ದೆನಲ್ಲ, ಯಾರನ್ನು ಬಲ್ಲೆ?

ಅಂಥ ಹೊತ್ತಿನಲ್ಲಿ ನಾನು ಬಾಯಿ ಬಿಟ್ಟೆ. "ಮಾವ, ದೋಣಿ ಕೊಟ್ಬಿಡ್ತೀರಾ?"

ಮಾವ ಹಗ್ಗ ಬಿಟ್ಟರು. ಹಾಯಿ ಜೋತುಬಿತ್ತು. ಅವರು ನೀರು ನೋಡುತ್ತಾ ಕೂತರು, ನಾನೂ ಕೂತೆ. ಹಾಗೆ ಎಷ್ಟು ಹೊತ್ತು ಕೂತೆವೋ! ದೋಣಿಯ ತಳಕ್ಕೆ ಮೆತ್ತಗೆ ಏನೋ ತಾಗಿದಾಗಲೇ ಎಚ್ಚರ. ನೀರು ಇಳಿಯುತ್ತಿತ್ತು. ಶೆಡ್ಡಿನಲ್ಲಿ ಕೂತು ಅಷ್ಟು ದೂರದ ಇಳಿತದ ಲೆಕ್ಕ ಹಿಡಿಯುವವರು, ತಾವೇ ಕೂತ ದೋಣಿಯ ಕೆಳಗೆ ನೀರು ಖಾಲಿಯಾಗುವುದನ್ನು ಮರೆತಿದ್ದರು! ಗಡಿಬಿಡಿಯಲ್ಲಿ ಹಾಯಿ ಎಳೆದರು. ಅದು ಕೊಂಬೆಗೆ ಸಿಕ್ಕಿ ಒಂದು ಗೇಣು ಹರಿಯಿತು. ಕೆಸರು ನಮ್ಮನ್ನು ಭದ್ರವಾಗಿ ಹಿಡಿದುಕೊಂಡಿತು.

"ಇನ್ನು ಎಷ್ಟು ಹೊತ್ತು ಮಾವ?"

"ಏಳು ಗಂಟೆ ಆದ್ರೂ ಬೇಕು. ಚಕ್ಲಿ ತಂದಿದೀಯಾ?"

ಅಷ್ಟರಲ್ಲಿ ಬುಟ್ಟಿ ಹಿಡಿದು ಚಿಪ್ಪಿ ಆಯುವ ಹೆಂಗಸೊಬ್ಬರು ದೋಣಿಯ ಪಕ್ಕದಲ್ಲೇ ಆರಾಮಾಗಿ ನಡೆದುಕೊಂಡು ಬಂದರು. ನೀರು ಅವರ ಮೊಣಕಾಲಿಗೂ ಇರಲಿಲ್ಲ.

"ಎಂತಕ್ಕೆ ಕೂತ್ರಿ ಸಾರ್?"

"ನಂಗೆ ಈಜು ಬರಲ್ಲಮ್ಮ" ಎಂದರು ಮಾವ, ಗಂಭೀರವಾಗಿ.

"ಈಜು ಬರದಿದ್ರೆ ಎಂತಾಯ್ತು? ನಡೀಲಿಕ್ಕೆ ಬರ್ತದಲ್ಲ!"

ಆಕೆ ನಗುತ್ತಾ ಹೋದರು. ನಾವು ಹೋಗಲಿಲ್ಲ. ದೋಣಿಯನ್ನು ಬಿಟ್ಟು ಹೋಗುವುದುಂಟೇ ಎಂದರು ಮಾವ. ಬಿಸಿಲಿಗೆ ಹಾಯಿಯನ್ನು ಇಳಿಸಿ ತಲೆಯ ಮೇಲೆ ಹೊದ್ದುಕೊಂಡೆವು. ಆಗ ನನ್ನ ಮೂಗಿನೆದುರಿಗೆ, ಹಾಯಿಯ ಒಳಅಂಚಿನಲ್ಲಿ, ಮಕ್ಕಳ ಸ್ಕೂಲ್ ಬ್ಯಾಗಿಗೆ ಹೆಸರು ಹೊಲಿಯುವ ಹಾಗೆ ಕೆಂಪು ದಾರದಲ್ಲಿ ದುಂಡಗೆ ಹೊಲಿದ ಅಕ್ಷರಗಳು:

'ಇವರಿಗೆ ಈಜು ಬರುವುದಿಲ್ಲ. ಸಿಕ್ಕಿದರೆ ಫೋನ್ ಮಾಡಿ. ಊಟ ಮಾಡಿಸಿ ಕಳಿಸಿ.'

ಕೆಳಗೆ ಮನೆಯ ಲ್ಯಾಂಡ್‌ಲೈನ್ ನಂಬರು. ಆ ಫೋನು ಹೋಗಿಯೇ ಎಷ್ಟೋ ವರ್ಷವಾಗಿದೆ!

ನಗು ಬಂತು. ಅಂಚನ್ನು ಅವರ ಕಡೆ ತಿರುಗಿಸಿದೆ. "ಮಾವ, ಇದನ್ನ ನೋಡಿದೀರಾ?"

"ಹಾಯಿ ಎತ್ತೋ ಮುಂಚೆ ಪ್ರತಿ ಸಲ ಓದ್ಕೋತೀನಿ. ನಂಗೆ ಗೊತ್ತು ಅಂತ ಅವಳಿಗೆ ಗೊತ್ತಿಲ್ಲ." ಅವರು ಹರಿದ ಜಾಗದ ಮೇಲೆ ಬೆರಳಾಡಿಸಿದರು. "ಇದನ್ನ ತಗೊಂಡೋಗಿ ನಿಮ್ಮತ್ತೆಗೆ ಕೊಡು. ಬೇರೇನೂ ಹೇಳ್ಬೇಡ. ಹೊಲಿದುಕೊಟ್ರೆ ದೋಣಿ ಇರ್ಲಿ. ಮಡಚಿ ಅಟ್ಟಕ್ಕೆ ಹಾಕಿದ್ರೆ ರೆಸಾರ್ಟಿನವನಿಗೆ ಹೂಂ ಅಂತೀನಿ. ಅವಳು ಹೊಲಿಯದ ಹಾಯಿ ಎತ್ತೋಕೆ ನಂಗೆ ಧೈರ್ಯ ಇಲ್ಲ ಕಣೇ."

ಉಬ್ಬರಕ್ಕೆ ದೋಣಿ ತೇಲಿ ದಡ ಮುಟ್ಟಿದ ಮೇಲೆ, ನನ್ನ ಫೋನಿಗೆ ಕಾದು ರೆಸಾರ್ಟಿನವನಿಗೆ ಉತ್ತರ ಹೇಳಲು ಮಾವ ಅಲ್ಲೇ ಉಳಿದರು. ರಾತ್ರಿ ಬಸ್ಸು ಹತ್ತಿದ ನಾನು ಭಾನುವಾರ ಬೆಳಿಗ್ಗೆ ಹಾಯಿಯ ಗಂಟು ಹೊತ್ತು ಬಸವೇಶ್ವರನಗರಕ್ಕೆ ಬಂದೆ. ಅತ್ತೆ ಸೋಫಾ ಸರಿಸಿ ಅದನ್ನು ಹಾಲಿನ ತುಂಬಾ ಹಾಸಿದರು.

"ಥೂ, ಮನೆಯೆಲ್ಲಾ ಮೀನ್ ಮಾರ್ಕೆಟ್ ಆಯ್ತು! ಹೂಂ ಅಂದ್ರಾ?"

"ಇನ್ನೂ ಇಲ್ಲ. ಇದನ್ನ ಕೊಡು ಅಂದ್ರು."

ಅತ್ತೆ ಮಂಡಿಯೂರಿ ಹರಿದ ಜಾಗವನ್ನು ನೋಡಿದರು, ಕೆಂಪಕ್ಷರವನ್ನೂ ನೋಡಿದರು. "ಇದನ್ನ ಅವರು ನೋಡಿದಾರಾ?"

ಬೇರೇನೂ ಹೇಳಬೇಡವೆಂದಿದ್ದರು. ಸುಳ್ಳು ಹೇಳಲಾಗಲಿಲ್ಲ. "ಪ್ರತಿ ಸಲ ಓದ್ಕೊಂಡೇ ಎತ್ತೋದಂತೆ ಅತ್ತೆ."

ಅತ್ತೆ ಹಾಯಿಯನ್ನು ಎರಡಾಗಿ ಮಡಚಿದರು. ನಾಲ್ಕಾಗಿ ಮಡಚಿದರು. ನನ್ನ ಕಣ್ಣೆದುರು ದೋಣಿಯ ತುಂಬಾ ಮಣ್ಣು ಬಿತ್ತು, ಗಿಡ ಚಿಗುರಿತು. ಆಮೇಲೆ ಆ ಮಡಿಕೆಯನ್ನು ಎತ್ತಿ ಕಿಟಕಿಯ ಬಳಿಯ ಹೊಲಿಗೆ ಮಿಷಿನ್ನಿನ ಮೇಲಿಟ್ಟು, ಹರಿದ ಅಂಚನ್ನು ಸೂಜಿಯ ಕೆಳಗೆ ತಂದು ಪೆಡಲ್ ತುಳಿದರು. ಒಮ್ಮೆ, ಅದರ ಮೇಲೆ ಇನ್ನೊಮ್ಮೆ.

ಹರಿದದ್ದು ಕೂಡಿತು. ಅವರು ನಿಲ್ಲಿಸಲಿಲ್ಲ. ಸಣ್ಣ ಕತ್ತರಿ ತೆಗೆದು ಕೆಂಪು ಅಂಕಿಗಳನ್ನು ಒಂದೊಂದಾಗಿ ಬಿಚ್ಚಿ, ಕೈಸೂಜಿಗೆ ಕೆಂಪು ದಾರ ಪೋಣಿಸಿದರು.

"ನಿನ್ನ ಮೊಬೈಲ್ ನಂಬರ್ ಹೇಳು."

"ನಂದ್ಯಾಕೆ ಅತ್ತೆ? ನಿಮ್ಮದೇ ಹಾಕಿ."

ಅವರು ತಲೆಯೆತ್ತದೆ, ಮೊದಲ ಸಾಲಿನ 'ಇವರಿಗೆ' ಎಂಬುದರ ದಾರವನ್ನೂ ಬಿಚ್ಚತೊಡಗಿದ್ದರು.

"ಇಬ್ರೂ ದೋಣೀಲಿದ್ರೆ ಫೋನ್ ಎತ್ತೋರ್ಯಾರೇ?"

ನನ್ನ ನಂಬರಿನ ಎರಡು ಅಂಕಿ ನನಗೇ ಮರೆತುಹೋದವು. ಅತ್ತೆ ಫೋನು ತೆಗೆದು ನೋಡಿ ಹೊಲಿದರು. ಈಗ ನಾಗರಬಾವಿಯ ನನ್ನ ಗೋಡೆಯ ಮೇಲೂ ಒಂದು ಉಬ್ಬರದ ಪಟ್ಟಿಯಿದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರದ ಶನಿವಾರಗಳಲ್ಲಿ ನಾನು ಫೋನನ್ನು ಸೈಲೆಂಟಿಗೆ ಹಾಕುವುದಿಲ್ಲ, ಅನ್ನಕ್ಕೆ ಇನ್ನೆರಡು ಹಿಡಿ ಅಕ್ಕಿ ಹೆಚ್ಚಿಗೆ ಇಡುತ್ತೇನೆ. ಇದಿಷ್ಟನ್ನು ಡೈರಿ ನೋಡದೆಯೇ ಹೇಳಬಲ್ಲೆ.