ಮೂಲಪ್ರತಿಯನ್ನು ನಂಬಿ ಕೆಟ್ಟ ವೃತ್ತಾಂತ

ಶಾಸನಗಳ ಕಾಲನಿರ್ಣಯದಲ್ಲೇ ನನ್ನ ಸೇವಾವಧಿಯೆಲ್ಲ ಸವೆದಿದೆ. ತಿಥಿಗೂ ವಾರಕ್ಕೂ ತಾಳೆಯಾಗದ ಶಾಸನವನ್ನು ನಾನು ಒಪ್ಪಿದವನಲ್ಲ, ಬರೆಸಿದವನು ಅರಸನೇ ಆಗಿದ್ದರೂ. ಇಂಥವನಿಗೆ ಮನೆಯ ಕಂಪ್ಯೂಟರನ್ನು ಹಿಂದಿನ ಸ್ಥಿತಿಗೆ ತರುವುದು ಏನು ಮಹಾ?

ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಗೆ ಕಂಬಗಳು ಏಳುತ್ತಿದ್ದ ಕಾಲ. ಬೇಗೂರಿನ ನಮ್ಮ ಮನೆಯಲ್ಲಿ ನನ್ನ ಹೆಂಡತಿ ವಿಮಲಾ ಎರಡು ವರ್ಷ ಕುಳಿತು ನನ್ನ ಶಾಸನ ಕಾಲಸೂಚಿಯನ್ನು ಟೈಪು ಮಾಡಿ ಮುಗಿಸಿದ್ದಳು. ನಾನು ಚೀಟಿಗಳಲ್ಲಿ ಗೀಚಿಟ್ಟದ್ದನ್ನು ನಾನೇ ಓದಲಾರೆ, ಅವಳು ಓದುತ್ತಿದ್ದಳು. ಕೊನೆಯ ಪುಟ ಮುಗಿದ ಬುಧವಾರ (ಬುಧವಾರವೆಂಬುದನ್ನು ಡೈರಿಯಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದೇನೆ) ಹೆಬ್ಬಗೋಡಿಯಿಂದ ಮಹಾದೇವಿ ಬಂದರು. ವಿಜಾಪುರದ ಕಡೆಯವರು. ಗಾರ್ಮೆಂಟ್ ಕೆಲಸಕ್ಕೆಂದು ಬಂದು, ಕಂಪ್ಯೂಟರ್ ರಿಪೇರಿ ಕಲಿತು, ಸ್ವಂತ ಅಂಗಡಿ ಇಟ್ಟವರು. ನಮ್ಮ ಯಂತ್ರವನ್ನು ಜೋಡಿಸಿಕೊಟ್ಟವರೂ ಅವರೇ. ಅಂದು ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಸಿಕ್ಕಿಸಿ, ಡಿಸ್ಕ್ ಇಮೇಜ್, ಅಂದರೆ ಯಂತ್ರದೊಳಗಿನ ಎಲ್ಲದರ ಇಡಿಯ ನಕಲು, ತೆಗೆದರು.

"ನಾಳೆ ಮಷೀನು ಕೆಟ್ಟರ ಇದನ್ನ ರೀಸ್ಟೋರ್ ಮಾಡಿದರಾತು ಸರ. ಇವತ್ತು ಹೆಂಗೈತಿ, ಹಂಗ ಎದ್ದು ಕುಂಡ್ರತೈತಿ."

ನನಗೆ ರೋಮಾಂಚನವಾಯಿತು. ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು ನಾವು ಶಾಸನದ ಪಡಿಯಚ್ಚು ತೆಗೆಯುವುದಿಲ್ಲವೆ, ಇದೂ ಹಾಗೆಯೇ. ಅಕ್ಷರದ ಜೊತೆಗೆ ಕಲ್ಲಿನ ಬಿರುಕೂ ಬರುತ್ತದೆ! ಈ ವಿದ್ಯೆಯ ಮೇಲೆ ನನಗೆ ಹುಟ್ಟಿದ ಗೌರವ ಎಷ್ಟೆಂದರೆ, ಇನ್ನು ಚೀಟಿಗಳೇಕೆಂದು ಎರಡು ಗೋಣಿಚೀಲದಷ್ಟನ್ನೂ ರದ್ದಿಯವನಿಗೆ ಕೊಟ್ಟುಬಿಟ್ಟೆ.

ಅದೇ ಡಿಸ್ಕಿನಲ್ಲಿ, ಯಂತ್ರ ಹೊಸದಾಗಿದ್ದಾಗ ತೆಗೆದ ಇನ್ನೊಂದು ಇಮೇಜ್ ಇತ್ತು. ಎರಡಕ್ಕೂ ಹೆಸರಿಡಿ ಎಂದರು ಮಹಾದೇವಿ. 'ಮೊದಲನೆಯದು', 'ಎರಡನೆಯದು' ಎಂದಿಟ್ಟೆ. ದಿನಾಂಕ ಬರೆಯಲಿಲ್ಲ. ದಿನಾಂಕವಿಲ್ಲದ ಶಾಸನಗಳ ಬಗ್ಗೆ ನಾನು ಮಾಡಿರುವ ಟೀಕೆಗಳನ್ನು ಓದುಗರು ದಯವಿಟ್ಟು ನೆನಪಿಸಬಾರದು.

ಮುಂದಿನ ಒಂದು ತಿಂಗಳು ನಾನೇ ಒಂದು ಬೆರಳಿನಲ್ಲಿ ಕುಟ್ಟಿ ಮೂವತ್ತು ಪುಟಗಳ ಮುನ್ನುಡಿಯನ್ನು ಸಿದ್ಧಪಡಿಸಿದೆ. ಅಷ್ಟರಲ್ಲಿ ಮುದ್ರಣಾಲಯದಿಂದ ತಂದ ಪೆನ್ ಡ್ರೈವಿನಲ್ಲಿ ವೈರಸ್ ಬಂತು. ಒಂದು ಕಡತವೂ ತೆರೆಯದು. ವಿಮಲಾ ಬೆಳ್ಳಂದೂರಿನ ತಂಗಿಯ ಮನೆಯಲ್ಲಿದ್ದಳು. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಮಹಾದೇವಿನ ಕರೀರಿ. ನೀವು ಮಾತ್ರ ಕೈ ಹಾಕ್ಬೇಡಿ."

ಕೈ ಹಾಕಿದೆ.

ಯಾವ ಇಮೇಜ್ ಬೇಕೆಂದು ಪರದೆ ಕೇಳಿತು. ಆಗ ನನ್ನೊಳಗಿನ ಜೀವಮಾನದ ಶಿಸ್ತು ಎಚ್ಚೆತ್ತಿತು. ಪ್ರತಿಗಳಲ್ಲಿ ಹಳೆಯದೇ ಶುದ್ಧ. ನಂತರದವುಗಳಲ್ಲಿ ಲಿಪಿಕಾರರ ದೋಷ ಸೇರುತ್ತದೆ. ಇದು ನಮ್ಮ ಶಾಸ್ತ್ರದ ಮೊದಲ ಪಾಠ. 'ಮೊದಲನೆಯದ'ನ್ನು ಆರಿಸಿದೆ. ಒಂದೂವರೆ ಗಂಟೆ ನೀಲಿ ಪಟ್ಟಿ ತೆವಳುವುದನ್ನು ಭಕ್ತಿಯಿಂದ ನೋಡಿದೆ. ಯಂತ್ರ ಎದ್ದಿತು, ಅಂಗಡಿಯಿಂದ ಬಂದ ದಿನದ ಹಾಗೆ. ಕಾಲಸೂಚಿ ಕಾಣಲಿಲ್ಲ. ಅಂಗಡಿಯಿಂದ ಬಂದ ದಿನ ಅದು ಹುಟ್ಟೇ ಇರಲಿಲ್ಲವಲ್ಲ!

ಅಲ್ಲಿಗೆ ನಿಲ್ಲಿಸಿದ್ದರೂ 'ಎರಡನೆಯದು' ಕೈಯಲ್ಲಿತ್ತು. ಆದರೆ ಶಾಸ್ತ್ರದಲ್ಲಿ ಎರಡನೆಯ ಪಾಠವೂ ಇದೆ: ಅಗೆಯುವ ಮುನ್ನ ಸ್ಥಳದ ಸ್ಥಿತಿಯನ್ನು ದಾಖಲಿಸಬೇಕು. ಆದ್ದರಿಂದ ಆ ಖಾಲಿ ಯಂತ್ರದ ಇಮೇಜ್ ತೆಗೆಯಹೊರಟೆ. ಡಿಸ್ಕಿನಲ್ಲಿ ಜಾಗವಿಲ್ಲ, ಒಂದನ್ನು ಅಳಿಸಿ ಎಂದಿತು ಪರದೆ. ಮೂಲಪ್ರತಿಯನ್ನು ಅಳಿಸುವ ಪಾಪ ನನ್ನಿಂದಾದೀತೆ? ವೈರಸ್ ಇದ್ದರೆ ಈಚಿನದರಲ್ಲೇ ಇರಬೇಕೆಂದು ತರ್ಕಿಸಿ 'ಎರಡನೆಯದ'ನ್ನು ಅಳಿಸಿದೆ. ಏನೂ ಇಲ್ಲದ ಯಂತ್ರದ ಪಡಿಯಚ್ಚು ಸಿದ್ಧವಾಯಿತು. ಅದರಲ್ಲಿ ಒಂದು ಲೋಪವೂ ಇರಲಿಲ್ಲ. ನಾನು ಮಾಡಿದ್ದೇನೆಂದು ಅರಿವಾದದ್ದು ಆಮೇಲೆ.

ಸಿಪಿಯುವನ್ನು ತೊಡೆಯ ಮೇಲಿಟ್ಟುಕೊಂಡು, ಸೂಜಿ ಹಾಕಿಸಲು ಮಗುವನ್ನು ಒಯ್ಯುವವನಂತೆ ಆಟೋದಲ್ಲಿ ಹೆಬ್ಬಗೋಡಿಗೆ ಹೋದೆ. ಮಹಾದೇವಿ ಎಲ್ಲವನ್ನೂ ಕೇಳಿದರು. ನಗಲಿಲ್ಲ, ನಗದಿರಲು ಅವರು ಪಟ್ಟ ಶ್ರಮ ನನಗೆ ಕಾಣುತ್ತಿತ್ತು.

"ಎರಡನೇದು ಯಾಕ ಅಳಿಸಿದ್ರಿ ಸರ?"

"ಮೂಲ ಉಳಿಯಬೇಕಲ್ಲಮ್ಮ."

"ಖಾಲಿ ಡಬ್ಬಿಗೆ ಎಂಥಾ ಮೂಲರಿ ಸರ? ಅಳಿಸಿದ ಜಾಗದ ಮ್ಯಾಲೇ ಹೊಸದು ಬರದೀರಿ. ಅದು ಹೊಳ್ಳಿ ಬರಂಗಿಲ್ಲ." ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. "ಅವತ್ತು ಅಕ್ಕಾರು ಇನ್ನೊಂದು ಡಿಸ್ಕಿಗೂ ಇಮೇಜ್ ತಗಸಿಕೊಂಡಾರ. ಮನ್ಯಾಗ ಕೇಳ್ರಿ."

ವಿಮಲಾಳಿಗೆ ಹೇಳದೆ ಆ ಡಿಸ್ಕನ್ನು ಹುಡುಕಿಬಿಡೋಣವೆಂದು ದಾರಿಯಲ್ಲಿ ಯೋಚಿಸಿದ್ದುಂಟು. ಆದರೆ ಆ ಮನೆಯಲ್ಲಿ ನನಗೆ ನನ್ನ ಕನ್ನಡಕವೇ ಸಿಗುವುದಿಲ್ಲ. ಹಿಂದಿರುಗಿ ಬಂದಿದ್ದ ವಿಮಲಾಳ ಮುಂದೆ ನಿಂತುಕೊಂಡೇ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಸ್ವಲ್ಪ ಹೊತ್ತು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಎರಡು ವರ್ಷ ಟೈಪು ಮಾಡಿದ ಬೆರಳುಗಳು. ಆ ಕ್ಷಣ ನನಗೆ ಯಾವ ಶಾಸ್ತ್ರವೂ ನೆನಪಾಗಲಿಲ್ಲ.

ಆಮೇಲೆ ಅಡುಗೆಮನೆಗೆ ಹೋಗಿ, ರವೆ ಡಬ್ಬದ ಹಿಂದಿನಿಂದ ರವಿಕೆ ಕಣದಲ್ಲಿ ಸುತ್ತಿದ್ದ ಡಿಸ್ಕ್ ತಂದಳು. ಮೇಲೊಂದು ಚೀಟಿ: ದಿನಾಂಕ, ವಾರ, ವೇಳೆ, ಒಳಗಿರುವುದೇನು, ತೆಗೆದವರು ಮಹಾದೇವಿ, ಸಾಕ್ಷಿ ವಿಮಲಾ. ಇಷ್ಟು ಸಮಗ್ರವಾದ ಕಾಲೋಲ್ಲೇಖವನ್ನು ನಾನು ಯಾವ ಕಲ್ಲಿನಲ್ಲೂ ಕಂಡಿಲ್ಲ. ಅಭ್ಯಾಸಬಲದಿಂದ ಪಂಚಾಂಗ ತೆಗೆದು ತಾಳೆ ನೋಡಿದೆ. ಬುಧವಾರವೇ.

"ನನ್ನ ಮೇಲೆ ನಂಬಿಕೆ ಇರಲಿಲ್ವಾ?"

"ಪೂರ್ತಿ ಇತ್ತು ಕಣ್ರೀ. ಅದಕ್ಕೇ ತೆಗೆಸಿಟ್ಟೆ."

ಮರುದಿನ ಮಹಾದೇವಿ ಬಂದು ರೀಸ್ಟೋರ್ ಮಾಡಿದರು. ಆ ಬುಧವಾರ ಹೇಗಿತ್ತೋ ಹಾಗೆಯೇ ಯಂತ್ರ ಎದ್ದು ಕುಳಿತಿತು: ಕಾಲಸೂಚಿಯ ಪ್ರತಿ ಸಾಲು, ವಿಮಲಾ ಅಳಿಸಿ ಪರದೆಯ ಕಸದಬುಟ್ಟಿಗೆ ಹಾಕಿದ್ದ ಹುರಿಹಿಟ್ಟಿನ ಅಳತೆ ಕೂಡ. ಈ ವಿದ್ಯೆಗೂ, ಆ ಇಬ್ಬರು ಹೆಂಗಸರಿಗೂ ನಾನು ಮನಸ್ಸಿನಲ್ಲೇ ಕೈಮುಗಿದೆ.

ಬುಧವಾರದ ನಂತರ ಹುಟ್ಟಿದ್ದೊಂದು ಮಾತ್ರ ಇರಲಿಲ್ಲ: ನನ್ನ ಮುನ್ನುಡಿ. ಹಳೆಯ ಪ್ರತಿಯನ್ನೇ ಏಕೆ ನಂಬಬೇಕು ಎಂಬುದು ಅದರ ವಿಷಯ. ಏನಾದರೂ ಮಾಡಿ ಹುಡುಕಲಾದೀತೆ ಎಂದು ಮಹಾದೇವಿಯವರನ್ನು ಕೇಳುತ್ತಿದ್ದೆ.

"ಅದು ಹೋಗ್ಲಿ ಬಿಡಿ ಮಹಾದೇವಿ," ಎಂದಳು ವಿಮಲಾ, "ಕಾಫಿ ಕುಡೀರಿ."

ಪುಸ್ತಕ ಮುನ್ನುಡಿಯಿಲ್ಲದೆಯೇ ಅಚ್ಚಾಯಿತು. ಸಿಕ್ಕ ಓದುಗರೆಲ್ಲ ಹೊಗಳುವುದು ಒಂದೇ ಗುಣವನ್ನು: "ನೇರವಾಗಿ ವಿಷಯಕ್ಕೇ ಬಂದ್ಬಿಟ್ಟಿದ್ದೀರಿ ಸಾರ್."