ಚಿಕ್ಕಪ್ಪನ ಕೊನೆಯ ಕ್ಯಾಸೆಟ್ಟು

ಕರಾವಳಿಯ ಮೊದಲ ರ‍್ಯಾಪರ್ ಯಾರು ಎಂದು ಯಾರಾದರೂ ಕೇಳಿದರೆ ನಾನು ಒಂದು ಕ್ಷಣವೂ ಯೋಚಿಸದೆ ನಮ್ಮ ಚಿಕ್ಕಪ್ಪ ಎನ್ನುತ್ತೇನೆ. ಪುರಾವೆ ಕೇಳಬೇಡಿ. ಹೊನ್ನಾವರದಿಂದ ಭಟ್ಕಳದವರೆಗೆ ಅವನಿಂದ ಬೈಸಿಕೊಂಡವರೆಲ್ಲ ಇನ್ನೂ ಬದುಕಿದ್ದಾರೆ, ಅಷ್ಟು ಸಾಲದೆ?

ಚಿಕ್ಕಪ್ಪ ಹೊನ್ನಾವರ-ಭಟ್ಕಳ ಟೆಂಪೋದಲ್ಲಿ ಕಂಡಕ್ಟರ್ ಆಗಿದ್ದ. ಬಾಗಿಲಿಗೆ ಜೋತುಬಿದ್ದು, ತಗಡನ್ನು ಅಂಗೈಯಿಂದ ಬಡಿಯುತ್ತ, "ಮಂಕಿಯವರು ನಿದ್ದೆ ಬಿಡಿ, ಮುರ್ಡೇಶ್ವರ ಚಿಲ್ಲರೆ ಹಿಡಿ, ಶಿರಾಲಿಯವರು ಮುಂದೆ ನಡಿ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಅದಕ್ಕೊಂದು ಹೆಸರಿದೆ ಎಂದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ದುಬೈಯಿಂದ ರಜೆಗೆ ಬಂದ ಭಟ್ಕಳದ ಸ್ನೇಹಿತನೊಬ್ಬ ಅವನಿಗೆ ಒಂದು ಇಂಗ್ಲಿಷ್ ಕ್ಯಾಸೆಟ್ಟು ಕೇಳಿಸಿದ. ಚಿಕ್ಕಪ್ಪನಿಗೆ ಆಘಾತವಾಯಿತು.

"ಇದೆಂತ ಮಾರಾಯ, ಇದನ್ನೇ ಅಲ್ವಾ ನಾನು ಹದಿನೈದು ವರ್ಷದಿಂದ ಬಾಗಿಲಲ್ಲಿ ನೇತಾಡ್ಕಂಡು ಮಾಡ್ತಾ ಇರೂದು?"

ಮರುವಾರದಿಂದ ಖಾಕಿ ಅಂಗಿಯ ಮೇಲೆ ಹಿಂದುಮುಂದಾಗಿ ಹಾಕಿದ ಟೋಪಿ ಬಂತು. ಎರಡು ತಿಂಗಳಲ್ಲಿ ಕ್ಯಾಸೆಟ್ಟೇ ಬಂತು! ಮೈಕ್ ಸೆಟ್ಟಿನವನ ಕೋಣೆಯಲ್ಲಿ ಅದರ ಧ್ವನಿಮುದ್ರಣ. ತಬಲಾ ಬೇಡ, ಡೋಲಕ್ ಬೇಡ, ತನಗೆ ತಗಡೇ ಬೇಕು ಎಂದು ಹಟ ಹಿಡಿದು ಗುಜರಿಯಿಂದ ಹಳೆ ಟೆಂಪೋದ ಬಾಗಿಲೊಂದನ್ನು ಹೊತ್ತು ತಂದಿದ್ದ. ಆ ಕೋಣೆಯ ಬಾಗಿಲಿಗಿಂತ ಟೆಂಪೋದ ಬಾಗಿಲು ಅಗಲವಾಗಿತ್ತು. ಕಿಟಕಿ ಕಳಚಿ ಒಳಗೆ ತೂರಿಸಬೇಕಾಯಿತು.

ಆ ಕ್ಯಾಸೆಟ್ಟಿನಲ್ಲಿ ಊರವರನ್ನೆಲ್ಲ ಹೆಸರು ಹಿಡಿದು ಬೈದಿದ್ದ. ಮೊದಲ ಬಲಿ ನನ್ನ ಅಪ್ಪ. "ಅಣ್ಣನ ಗೊರಕೆಗೆ ಹಂಚು ನಡುಗಿತು, ಬೆಕ್ಕು ಹೆದರಿ ಬಾವಿಗೆ ಇಳಿಯಿತು" ಎಂದು ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಅಪ್ಪ, ಕೈಯಲ್ಲಿದ್ದ ಬಸಳೆ ಕಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಒಂದು ತಿಂಗಳು ತಮ್ಮನ ಟೆಂಪೋ ಹತ್ತಲಿಲ್ಲ. ಆದರೆ ಕ್ಯಾಸೆಟ್ಟು ಬೆಲ್ಲದಂತೆ ಖರ್ಚಾಯಿತು. ಇಷ್ಟವಾಗಿ ಕೊಂಡವರು ಕಡಿಮೆ. ತಮ್ಮ ಹೆಸರಿದೆಯೋ ಎಂದು ನೋಡಲಿಕ್ಕೆ ಕೊಂಡವರೇ ಹೆಚ್ಚು. ಇಲ್ಲದವರಿಗೆ ಸಮಾಧಾನವಾಗಬೇಕಿತ್ತು, ಅಲ್ಲವೇ? ಅವರಿಗೆ ಅವಮಾನವಾಯಿತು!

ಹೀಗೆ ಮೂರು ಕ್ಯಾಸೆಟ್ಟು ಬಂದವು. ನಮಗೆಲ್ಲ ಅರ್ಥವಾಗದೆ ಉಳಿದದ್ದು ಒಂದೇ. ದಿನವಿಡೀ ಹೆದ್ದಾರಿಯ ಮೇಲಿರುವ ಈ ಮನುಷ್ಯನಿಗೆ ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚು, ಯಾರ ಅತ್ತೆ ಬೆಲ್ಲದ ಡಬ್ಬಿಗೆ ಬೀಗ ಹಾಕುತ್ತಾಳೆ ಎಂಬುದೆಲ್ಲ ಗೊತ್ತಾಗುವುದು ಹೇಗೆ?

ಮೂರನೆಯದು ಬಂದ ಮೇಲೆ ಕುಮಟೆಯ ಸಂಘವೊಂದು ಅವನನ್ನು ಕರೆದು ಶಾಲು ಹೊದೆಸಿತು. ಭಾಷಣದವರು ಆಶುಕವಿ ಎಂದರು. ಚಿಕ್ಕಮ್ಮ ಕೊನೆಯ ಸಾಲಿನ ಕುರ್ಚಿಯಲ್ಲಿ, ಅವನ ಕೊಡೆ ತೊಡೆಯ ಮೇಲಿಟ್ಟುಕೊಂಡು ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಪಕ್ಕದಲ್ಲೇ ನಾನಿದ್ದೆ. ಮರಳಿ ಬರುವಾಗ ಚಿಕ್ಕಪ್ಪ ಮಾತೇ ಆಡಲಿಲ್ಲ. ಜ್ವರ ಬಂದಿರಬೇಕೆಂದು ನಾನು ಹಣೆ ಮುಟ್ಟಿ ನೋಡಿದೆ.

ಮುಂದಿನ ವರ್ಷ ಟೆಂಪೋದ ಗಾಜುಗಳ ಮೇಲೆ ಕೈಬರಹದ ಚೀಟಿ ಕಂಡಿತು: ವಿದಾಯದ ಕ್ಯಾಸೆಟ್ಟು, ಇದರ ನಂತರ ಬಾಯಿ ಬಿಡುವುದಿಲ್ಲ. ಊರು ಸಂತೋಷಪಡುವುದು ಬಿಟ್ಟು ನಡುಗಿತು. ಕೊನೆಯದೆಂದರೆ ಇನ್ನು ಯಾರ ಮುಲಾಜು? ದರ್ಜಿ ಮೂರು ತಿಂಗಳಿಂದ ಕೊಡದ ಚಿಕ್ಕಪ್ಪನ ಪ್ಯಾಂಟನ್ನು ಮನೆಗೇ ತಂದುಕೊಟ್ಟ. ಅಪ್ಪ ಎಡಮಗ್ಗುಲಿಗೆ ಮಲಗುವ ಅಭ್ಯಾಸ ಶುರುಮಾಡಿದ.

ಬಿಡುಗಡೆ ಟೆಂಪೋ ನಿಲ್ದಾಣದಲ್ಲಿ, ಮೈಕಿನ ಮೂಲಕ. ಜನ ಸೇರಿದ್ದರು. ಚಿಕ್ಕಮ್ಮ ಹೆಂಗಸರ ಜೊತೆ ಎಳನೀರಿನ ಗಾಡಿಯ ಬದಿಗೆ ನಿಂತಿದ್ದಳು. ಎಂದಿನಂತೆ ಬೈಗುಳ ಬಂತು, ಎಂದಿನಂತೆ ನಗೆಯೂ ಬಂತು. ಕೊನೆಯ ಹಾಡಿಗೆ ತಗಡಿನ ಸದ್ದು ನಿಂತಿತು. ಬರೀ ಧ್ವನಿ.

"ಬಾಯಿ ನಂದು, ಸಾಲು ಅವಳದ್ದು. ಹೆಗಲು ನಂದು, ಶಾಲು ಅವಳದ್ದು. ಮೂರು ಕ್ಯಾಸೆಟ್ಟಲಿ ಒಂದಕ್ಷರ ನಂದಲ್ಲ, ಬರೆದವಳು ನನ್ನ ಹೆಂಡತಿ, ಸಂತೆಗುಳಿ ಸಾವಿತ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಳನೀರು ಕೆತ್ತುತ್ತಿದ್ದವನ ಕತ್ತಿ ಮೇಲೆತ್ತಿದ ಹಾಗೆಯೇ ನಿಂತಿತ್ತು. ನಮ್ಮ ಮನೆಗಳಲ್ಲಿ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದೇ ಇಲ್ಲ. ಇವನು ತವರೂರಿನ ಸಮೇತ ಮೈಕಿನಲ್ಲಿ ಹೇಳಿದ್ದ. ಅದಕ್ಕಿಂತ ದೊಡ್ಡ ಆಘಾತ ಹೆಂಗಸರದ್ದು. ಬಾವಿಕಟ್ಟೆಯಲ್ಲಿ ತಾವು ನಂಬಿ ಹೇಳಿಕೊಂಡದ್ದೆಲ್ಲ ಯಾವ ದಾರಿಯಲ್ಲಿ ಕ್ಯಾಸೆಟ್ಟಿಗೆ ಹೋಯಿತೆಂದು ಅವರಿಗೆ ಆ ಕ್ಷಣ ಹೊಳೆಯಿತು. ಒಬ್ಬೊಬ್ಬರೇ ಚಿಕ್ಕಮ್ಮನ ಪಕ್ಕದಿಂದ ಸರಿದರು. ಅವಳು ಸೆರಗು ತಲೆಗೆ ಎಳೆದುಕೊಂಡು ಒಬ್ಬಳೇ ಮನೆಗೆ ನಡೆದಳು.

ಅವಳನ್ನು ಒಂದು ಮಾತು ಕೇಳದೆ ಚಿಕ್ಕಪ್ಪ ಇದನ್ನು ಮಾಡಿದ್ದ. ಇಪ್ಪತ್ತೆರಡು ದಿನ ಅವಳು ಅವನೊಂದಿಗೆ ಮಾತಾಡಲಿಲ್ಲ. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಅಷ್ಟೆ. ನೆರೆಮನೆಯಿಂದ ಹಾಲಿಗೆ ಹೆಪ್ಪು ಕೇಳಲೂ ಯಾರೂ ಬರಲಿಲ್ಲ. ಸಂಧಾನಕ್ಕೆಂದು ನಾನು ಹೋದರೆ ಚಿಕ್ಕಪ್ಪ ಜಗಲಿಯ ಮೂಲೆಯಲ್ಲಿ ಟೋಪಿ ಮಡಿಚುತ್ತ ಕೂತಿದ್ದ. ಕುಮಟೆಯಲ್ಲಿ ಹೊದೆಸಿದ ಶಾಲು ತನ್ನ ಹೆಗಲಿಗೆ ತುರಿಕೆ ಸೊಪ್ಪಿನ ಹಾಗೆ ಕಚ್ಚಿತೆಂದೂ, ಅವಳು ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದು ತನಗೆ ಸಹಿಸಲಾಗಲಿಲ್ಲವೆಂದೂ ಮೆಲ್ಲನೆ ಹೇಳಿದ.

ಅಷ್ಟರಲ್ಲಿ ಅಂಗಳಕ್ಕೆ ಗಣಪಿ ಬಂದಳು, ಮೀನು ಮಾರುವವಳು. ಎರಡನೆಯ ಕ್ಯಾಸೆಟ್ಟಿನಲ್ಲಿ "ಗಣಪಿಯ ಬುಟ್ಟಿಲಿ ಬಂಗಡೆ ಎಂಟು, ಮನೆಗೆ ಬಂದರೆ ಏಳೇ ಉಂಟು" ಎಂದು ಹೇಳಿಸಿಕೊಂಡವಳು. ಜಗಳಕ್ಕೇ ಬಂದಳೆಂದು ನಾನು ಎದ್ದು ನಿಂತೆ. ಅವಳು ಬುಟ್ಟಿ ಇಳಿಸಿ, ಬಾಗಿಲಿಗೆ ಬಂದ ಚಿಕ್ಕಮ್ಮನ ಮುಖವನ್ನೇ ನೋಡಿದಳು.

"ಅದು ನೀನಾ ಬರ್ದದ್ದು?"

ಚಿಕ್ಕಮ್ಮ ತಲೆ ತಗ್ಗಿಸಿಕೊಂಡೇ ಹೌದೆಂದಳು.

"ಮೂವತ್ತು ವರ್ಷ ಆತು ಈ ಕೇರಿಗೆ ಬರ್ತಾ. ಎಲ್ಲರೂ ಏ ಮೀನಿನವಳೇ ಅಂದೇ ಕರೀತಾರೆ. ನನಗೊಂದು ಹೆಸರದೆ ಅಂತ ಊರಿಗೆ ಗೊತ್ತಾದದ್ದು ನಿನ್ನ ಪದದಿಂದ."

ಅಷ್ಟು ಹೇಳಿ ಗಣಪಿ ಬಂಗಡೆ ಎಣಿಸದೆ ಬೊಗಸೆ ತುಂಬ ಕೊಟ್ಟು ಹೋದಳು. ಚಿಕ್ಕಮ್ಮ ಮೀನಿನ ಪಾತ್ರೆ ಹಿಡಿದುಕೊಂಡು ಬಹಳ ಹೊತ್ತು ಹೊಸ್ತಿಲಲ್ಲೇ ನಿಂತಳು. ಆಮೇಲೆ ಜಗಲಿಯ ಮೂಲೆಗೆ ತಿರುಗಿ, ಗೋಡೆಗೆ ಹೇಳುವ ಹಾಗೆ ಹೇಳಿದಳು.

"ಅವತ್ತು ಹೇಳಿದ್ರಲ್ಲ, ನನ್ನ ಹೆಸರು. ಮೈಕಿಲ್ದೆ ಒಂದ್ಸಲ ಹೇಳಿ ಕಾಂಬ."

ಇಪ್ಪತ್ತು ವರ್ಷ ಹೆದ್ದಾರಿಯ ಗಾಳಿಗೆ ಎದುರಾಗಿ ಕೂಗಿದ ಮನುಷ್ಯ. ಬಾಯಿ ತೆರೆದ. ಸ್ವರ ಹೊರಡಲಿಲ್ಲ. ಅವನ ಕಣ್ಣು ತುಂಬಿದ್ದನ್ನು ನೋಡಿ ನಾನು ಚಪ್ಪಲಿ ಮೆಟ್ಟಿ ಹೊರಟೆ. ಬೇಲಿಯ ಉಣಗೋಲು ದಾಟುವಾಗ ಹಿಂದಿನಿಂದ ಕೇಳಿಸಿತು, ತಾಳವಿಲ್ಲದೆ, ಪ್ರಾಸವಿಲ್ಲದೆ, ಬಹಳ ಮೆಲ್ಲಗೆ: "ಸಾವಿತ್ರಿ."